ಮೂವರು ನಾಗರಾಜರು, ಒಂದು ಸೀಟು

ನಮ್ಮ ಮನೆಯ ಬೀರುವಿನಲ್ಲಿ ಒಡವೆ ಇಡುತ್ತಿದ್ದ ಜಾಗದಲ್ಲಿ ಈಗ ನೀಲಿ ಬಣ್ಣದ ಒಂದು ಪ್ಲಾಸ್ಟಿಕ್ ಫೈಲಿದೆ. ಒಡವೆ ಎಲ್ಲಿ ಹೋಯಿತು ಎಂದು ಕೇಳಬೇಡಿ. ಫೈಲಿನ ಕೊನೆಯ ಹಾಳೆಯೇ ಅದರ ಅಡವಿನ ರಸೀದಿ. ಉಳಿದ ಹಾಳೆಗಳೆಲ್ಲ ನನ್ನ ಮಗಳು ಹುಟ್ಟಿದ್ದಕ್ಕೆ, ಓದಿದ್ದಕ್ಕೆ, ಪಾಸಾಗಿದ್ದಕ್ಕೆ ಮತ್ತು ಅವಳ ಅಪ್ಪ ಶ್ರೀಮಂತನಲ್ಲ ಎಂಬುದಕ್ಕೆ ಸಾಕ್ಷಿ. ಈ ಕೊನೆಯದಕ್ಕೂ ಸಾಕ್ಷಿ ಬೇಕೇ ಎಂಬುದು ನನ್ನ ಹೆಂಡತಿಯ ಪ್ರಶ್ನೆ. ಅವಳ ಪ್ರಕಾರ ನನ್ನ ಚಪ್ಪಲಿ ನೋಡಿದರೆ ಸಾಕು. ಆದರೆ ತಹಶೀಲ್ದಾರರಿಗೆ ಚಪ್ಪಲಿ ತೋರಿಸುವುದು ಸಭ್ಯತೆಯಲ್ಲವಾದ್ದರಿಂದ ನಾಡಕಚೇರಿಗೆ ಅರ್ಜಿಯನ್ನೇ ಹಾಕಿದೆ.

ಕಾಲೇಜಿನ ಯೋಚನೆ ಹೈಸ್ಕೂಲಿನಲ್ಲೇ ಶುರುವಾಗಬೇಕು ಎಂದು ತಿಳಿದವರು ಹೇಳುತ್ತಾರೆ. ನಾವು ಅವರಿಗಿಂತ ಒಂದು ಹೆಜ್ಜೆ ಮುಂದೆ. ಮಗಳು ಐದನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲೇ ಯೋಜನೆ ಹಾಕಿದೆವು. ಊರಿನ ಸರ್ಕಾರಿ ಶಾಲೆ ಬಿಡಿಸಿ, ಹನ್ನೆರಡು ಕಿಲೋಮೀಟರ್ ದೂರದ ಪೇಟೆಯ ಇಂಗ್ಲಿಷ್ ಮೀಡಿಯಂ ಖಾಸಗಿ ಶಾಲೆಗೆ ಸೇರಿಸಿದೆವು. ಹಳದಿ ವ್ಯಾನು ಮೊದಲ ದಿನ ಮನೆ ಮುಂದೆ ನಿಂತು ಹಾರ್ನ್ ಹೊಡೆದಾಗ ನಾನು ಜಗಲಿಯ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತ ಭಂಗಿ ಹೆಂಡತಿಗೆ ಇನ್ನೂ ನೆನಪಿದೆ. ನೆಂಟರು ಬಂದಾಗ ನಟಿಸಿ ತೋರಿಸುತ್ತಾಳೆ.

ಆ ಭಂಗಿಯ ಬೆಲೆ ಗೊತ್ತಾದದ್ದು ಮಗಳು ಸೆಕೆಂಡ್ ಪಿಯುಸಿಗೆ ಬಂದು, ನಾನು ಸಿಇಟಿಯ ಮಾಹಿತಿ ಪುಸ್ತಕ ಓದಲು ಕೂತಾಗ. ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲೇ ಓದಿದವರಿಗೆ ಗ್ರಾಮೀಣ ಮೀಸಲಾತಿ, ಶೇ. 15. ನಮ್ಮವಳದು ಐದೇ ವರ್ಷ. ಹೋಯಿತು. ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ಅದೂ ಹೋಯಿತು. ಮನಸ್ಸಿಗೆ ಇನ್ನಷ್ಟು ಚುಚ್ಚಲು ಎದುರು ಮನೆಯ ಹುಡುಗನಿದ್ದ. ಅವನು ಊರ ಶಾಲೆಯಲ್ಲೇ ಉಳಿದು, ಎಂಟನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್ ಎಂಬ ಪರೀಕ್ಷೆ ಬರೆದು, ಒಂಬತ್ತರಿಂದ ಸೆಕೆಂಡ್ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಪಡೆಯುತ್ತಿದ್ದ. ಅದು ಸರ್ಕಾರಿ, ಅನುದಾನಿತ ಶಾಲೆಯ ಬಡ ಮಕ್ಕಳಿಗೆ ಮಾತ್ರ. ಮೂರು ಬಾಗಿಲನ್ನು ನಮ್ಮ ಕೈಯಾರೆ ಮುಚ್ಚಿದ್ದೆವು. ಮುಚ್ಚುವುದಕ್ಕೆ ತಿಂಗಳು ತಿಂಗಳು ವ್ಯಾನ್ ಫೀಸು ಬೇರೆ ಕಟ್ಟಿದ್ದೆವು.

ಅರ್ಜಿ ತುಂಬಲು ಪೇಟೆಯ ಸೈಬರ್ ಅಂಗಡಿಗೆ ಹೋದೆವು. ಅಲ್ಲಿನ ಹುಡುಗ ಸ್ಕ್ರೀನಿನಿಂದ ಕಣ್ಣು ತೆಗೆಯದೆ ಕೇಳಿದ: “ಅಂಕಲ್, ಎಸ್‌ಎನ್‌ಕ್ಯೂ ಹಾಕ್ಲಾ?” ನಾನು ಅದೇನೋ ಇನ್ನೊಂದು ಫೀಸು ಎಂದುಕೊಂಡು ಬೇಡ ಎನ್ನುವುದರಲ್ಲಿದ್ದೆ. ಅವನೇ ಬಿಡಿಸಿ ಹೇಳಿದ. ಮನೆಯ ವರ್ಷದ ಆದಾಯ 8 ಲಕ್ಷಕ್ಕಿಂತ ಕಡಿಮೆ ಇದ್ದರೆ ಎಂಜಿನಿಯರಿಂಗಿನಲ್ಲಿ ಶೇ. 5ರಷ್ಟು ಹೆಚ್ಚುವರಿ ಸೀಟುಗಳಿವೆ, ಅವಕ್ಕೆ ಬೋಧನಾ ಶುಲ್ಕವಿಲ್ಲ. ಮಗಳು ನನ್ನ ಮುಖ ನೋಡಿದಳು. ಹಿಂದೆ ಕ್ಯೂನಲ್ಲಿ ನಮ್ಮೂರಿನವರೇ ಇಬ್ಬರು ನಿಂತಿದ್ದರು. ಅವರೆದುರು ‘ಹೌದಪ್ಪ, ನಮಗೆ ಅಷ್ಟಿಲ್ಲ’ ಎನ್ನಲು ನಾಲಿಗೆ ಹೊರಳಲಿಲ್ಲ. ಆಗ ತಾತ ನೆನಪಾದರು.

ತಾತ ಮೈಸೂರಿನಲ್ಲಿ ವಾರಾನ್ನ ಮಾಡಿಕೊಂಡು ಓದಿದವರು. ವಾರಕ್ಕೆ ಏಳು ದಿನ, ಏಳು ಮನೆ. ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ. ತಾತನಿಗೆ ಆರು ಮನೆ ಗೊತ್ತಾಗಿದ್ದವು, ಬುಧವಾರ ಮಾತ್ರ ಗೊತ್ತಾಗಿರಲಿಲ್ಲ. “ಬುಧವಾರ ಬುಧವಾರ ನನಗೆ ಏಕಾದಶಿ ಕಣೋ” ಎನ್ನುತ್ತಿದ್ದರು. ಅವರ ರೂಮಿನ ಪಕ್ಕದಲ್ಲೇ ಒಂದು ದೊಡ್ಡ ಮನೆಯಿತ್ತು. ಕೇಳಲು ಸಂಕೋಚ. ಮೂರು ತಿಂಗಳು ಬುಧವಾರಗಳನ್ನು ಕಳ್ಳೆಪುರಿಯಲ್ಲಿ ಕಳೆದ ಮೇಲೆ, ತಲೆ ಸುತ್ತು ಬಂದ ಒಂದು ದಿನ ಹೋಗಿ ಬಾಗಿಲು ತಟ್ಟಿದರಂತೆ. ಆ ಮನೆಯಾಕೆ ಇವರನ್ನು ಮೇಲಿಂದ ಕೆಳಗೆ ನೋಡಿ, “ಅಯ್ಯೋ ಹುಡುಗ, ನಮ್ಮನೆ ಬುಧವಾರ ಮೂರು ತಿಂಗಳಿಂದ ಖಾಲಿ ಬಿದ್ದಿತ್ತಲ್ಲೋ” ಎಂದರಂತೆ.

ಈ ಕತೆ ಹೇಳಿದಾಗಲೆಲ್ಲ ತಾತ ಬಾಲಕ್ಕೆ ವಿಶ್ವೇಶ್ವರಯ್ಯನವರನ್ನು ಕಟ್ಟುತ್ತಿದ್ದರು. ಅಂಥ ವಿಶ್ವೇಶ್ವರಯ್ಯನವರೇ ಬೆಂಗಳೂರಿನಲ್ಲಿ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿಕೊಟ್ಟು ಸೆಂಟ್ರಲ್ ಕಾಲೇಜಿನಲ್ಲಿ ಓದಿದರು, ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಗೆ ಹೋಗಿ ಎಂಜಿನಿಯರ್ ಆದರು, ಇನ್ನು ನಿನ್ನದೇನು ಎಂಬುದು ಅವರ ವಾದ. ಕನ್ನಂಬಾಡಿಯ ಹಿಂದೆಯೂ ಒಂದು ಸ್ಕಾಲರ್‌ಶಿಪ್ ಅರ್ಜಿ ಇದ್ದಿರಬೇಕು.

“ಹಾಕಪ್ಪ” ಎಂದೆ ಸೈಬರ್ ಹುಡುಗನಿಗೆ. ಸ್ವಲ್ಪ ಜೋರಾಗಿಯೇ ಅಂದೆನೆಂದು ಕಾಣುತ್ತದೆ. ಹಿಂದೆ ನಿಂತಿದ್ದ ಇಬ್ಬರಲ್ಲಿ ಒಬ್ಬ ಮುಂದೆ ಬಗ್ಗಿ, “ನಂದೂ ಅದನ್ನೇ ಹಾಕು ಮಗ” ಎಂದ.

ಬಡತನ ಒಪ್ಪಿಕೊಂಡ ಮಾತ್ರಕ್ಕೆ ಮುಗಿಯಲಿಲ್ಲ. ಬಡವ ಯಾರು ಎಂಬುದು ಮುಂದಿನ ಪ್ರಶ್ನೆಯಾಯಿತು. ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರು ನಾಗರಾಜು. ಆದಾಯ ಪ್ರಮಾಣಪತ್ರದಲ್ಲಿ ನಾಗರಾಜ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ನಾಗರಾಜಯ್ಯ. ತಪ್ಪು ಯಾರದೂ ಅಲ್ಲ, ನನ್ನದೇ. ಹುಡುಗನಾಗಿದ್ದಾಗ ನಾಗರಾಜ ಅನ್ನಿಸಿಕೊಳ್ಳುತ್ತಿದ್ದೆ. ಮದುವೆಯಾದ ಮೇಲೆ ಕೊಂಚ ಮೃದುವಾಗಿ ನಾಗರಾಜು ಎಂದು ಬರೆಸಿದೆ. ಬ್ಯಾಂಕಿಗೆ ಹೋದ ದಿನ ಹೊಸ ಪಂಚೆ ಉಟ್ಟಿದ್ದೆ, ಅಯ್ಯ ತಾನಾಗಿ ಬಂದು ಸೇರಿಕೊಂಡಿತು. ಹೀಗೆ ಒಬ್ಬ ನಾಗರಾಜ ಬಡವ, ಒಬ್ಬ ನಾಗರಾಜುಗೆ ಮಗಳು, ಒಬ್ಬ ನಾಗರಾಜಯ್ಯನಿಗೆ ಖಾತೆ. ಬಡವನಿಗೆ ಮಗಳಿಲ್ಲ, ಮಗಳಿದ್ದವನಿಗೆ ಖಾತೆಯಿಲ್ಲ.

ಕೊನೆಗೆ ನೋಟರಿಯೊಬ್ಬರು ಛಾಪಾ ಕಾಗದದ ಮೇಲೆ ಈ ಮೂವರೂ ಒಬ್ಬನೇ ವ್ಯಕ್ತಿ ಎಂದು ಅಫಿಡವಿಟ್ ಮಾಡಿಕೊಟ್ಟರು. ಶಂಕರಾಚಾರ್ಯರು ಭಾಷ್ಯದ ಮೇಲೆ ಭಾಷ್ಯ ಬರೆದು ಸಾಧಿಸಿದ ಅಭೇದವನ್ನು ನಮ್ಮ ನೋಟರಿ ಒಂದೇ ಪುಟದಲ್ಲಿ, ಎರಡು ಸೀಲು ಒತ್ತಿ ಮುಗಿಸಿದರು.

ಇಷ್ಟರ ನಡುವೆ ಮಗಳು ಓದುತ್ತಲೂ ಇದ್ದಳು ಎಂಬುದನ್ನು ಹೇಳಲು ಮರೆತೆ. ಮನೆಯಲ್ಲೂ ಹೀಗೇ ಆಗುತ್ತಿತ್ತು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಒಂದೊಂದಕ್ಕೆ ಅರವತ್ತು ಪ್ರಶ್ನೆ, ಎಂಬತ್ತು ನಿಮಿಷ. ಸಿಇಟಿ ಅಂಕದ ಅರ್ಧ, ಪಿಯುಸಿ ಅಂಕದ ಅರ್ಧ ಸೇರಿಸಿ ರ್‍ಯಾಂಕು. ಅವಳ ರ್‍ಯಾಂಕು ಬಂತು: ಊರಿಗೆ ಹೇಳಿಕೊಳ್ಳುವಷ್ಟು ಚಿಕ್ಕದಲ್ಲ, ಮುಚ್ಚಿಡುವಷ್ಟು ದೊಡ್ಡದೂ ಅಲ್ಲ.

ಸೀಟು ಹಂಚಿಕೆಯ ಮೊದಲ ಸುತ್ತು ಮುಗಿದ ಮೇಲೆ ಚಾಯ್ಸ್ ಒಂದು, ಎರಡು, ಮೂರು, ನಾಲ್ಕು ಎಂದು ಬಂತು. ಅಮ್ಮನಿಗೆ ಇದನ್ನು ತಿಳಿಸಿ ಹೇಳುವುದು ಹೇಗೆಂದು ನಾನು ತಡವರಿಸುತ್ತಿದ್ದಾಗ ಮಗಳೇ ಹೇಳಿದಳು: “ಅಜ್ಜಿ, ಮದುವೆ ಮನೆ ಊಟ ಅಂದ್ಕೋ. ಚಾಯ್ಸ್ ಒಂದು ಅಂದ್ರೆ, ಸಿಕ್ಕಿದ ಎಲೆ ಮುಂದೆ ಕೂತು ಉಣ್ಣೋದು. ಎರಡು ಅಂದ್ರೆ, ಈ ಎಲೆ ಬಿಡಲ್ಲ, ಆದ್ರೆ ಒಳಗಿನ ಸಾಲಲ್ಲಿ ಜಾಗ ಸಿಕ್ರೆ ಅಲ್ಲಿಗೆ ಹೋಗ್ತೀನಿ. ಮೂರು ಅಂದ್ರೆ, ಈ ಎಲೆ ಬೇಡ, ಮುಂದಿನ ಪಂಕ್ತಿಗೆ ಕಾಯ್ತೀನಿ. ನಾಲ್ಕು, ಊಟಾನೇ ಬೇಡ, ತಾಂಬೂಲ ಕೊಡಿ, ಹೊರಡ್ತೀನಿ.” ಅಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. “ಎಲೆ ಬಿಡಬೇಡ, ಒಳಗಿನ ಸಾಲಿನ ಮೇಲೆ ಒಂದು ಕಣ್ಣಿಟ್ಟಿರು” ಎಂದಳು. ಚಾಯ್ಸ್ ಎರಡು. ಒಳಗಿನ ಸಾಲಿನಲ್ಲೇ ಜಾಗ ಸಿಕ್ಕಿತು, ಎಸ್‌ಎನ್‌ಕ್ಯೂನಲ್ಲೇ.

ಬೋಧನಾ ಶುಲ್ಕ ಉಳಿಯಿತು. ಉಳಿದ ಶುಲ್ಕ ಉಳಿಯಲಿಲ್ಲ. ಹಾಸ್ಟೆಲು, ಪುಸ್ತಕ, ಲ್ಯಾಪ್‌ಟಾಪು. ಬ್ಯಾಂಕಿನ ಶಿಕ್ಷಣ ಸಾಲವೂ ಇತ್ತು. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ ಎಂದರು. ಆದರೆ ಬಡ್ಡಿ ಬೇಸಿಗೆ ರಜೆ ತೆಗೆದುಕೊಳ್ಳುವುದಿಲ್ಲವಲ್ಲ! ಹಾಗಾಗಿ ಈ ವರ್ಷದ ಮಟ್ಟಿಗೆ ಒಡವೆ ಫೈಲಿಗೆ ಜಾಗ ಬಿಟ್ಟುಕೊಟ್ಟಿತು.

ಈಗ ಊರಿನಲ್ಲಿ ನಾನು ತಜ್ಞ. ಮೊನ್ನೆ ಪಕ್ಕದ ಮನೆಯಾಕೆ ಮಗನನ್ನು ಒಂದನೇ ಕ್ಲಾಸಿಗೆ ಸೇರಿಸಬೇಕು, ಯಾವ ಶಾಲೆ ಒಳ್ಳೆಯದು ಎಂದು ಕೇಳಿಕೊಂಡು ಬಂದಳು. ನಾನು ಗಂಟಲು ಸರಿಮಾಡಿಕೊಂಡು, ಸೊಂಟಕ್ಕೆ ಕೈಯಿಟ್ಟೆ. ಒಳಗಿನಿಂದ ಹೆಂಡತಿ ಕೆಮ್ಮಿದಳು, ಕೈ ತೆಗೆದೆ. ರಜೆಗೆ ಬಂದಿದ್ದ ಮಗಳು ಪೆನ್ನು ಹಿಡಿದು ಹುಡುಗನ ಪಕ್ಕ ಕೂತಳು.

“ನಿನ್ನ ಹೆಸರೇನೋ?”

“ಚಿನ್ಮಯ್” ಎಂದ ಹುಡುಗ.

“ಚಿನ್ಮಯ” ಎಂದಳು ತಾಯಿ.

ಮಗಳು ಪೆನ್ನಿನ ಕ್ಯಾಪು ಮುಚ್ಚಿದಳು. “ಶಾಲೆ ಆಮೇಲೆ ನೋಡೋಣ ಆಂಟಿ. ಮೊದಲು ಇಬ್ರೂ ಕೂತು ಇದೊಂದು ತೀರ್ಮಾನ ಮಾಡ್ಕೊಳ್ಳಿ.”