ಚತುಸ್ತಂತ್ರೀ ಮೀಮಾಂಸೆ ಅಥವಾ ಕಿಟ್ ಉಕುಲೇಲೆಯ ಕಲ್ಯಾಣಖಂಡ

ಒಂದನೆಯ ಪ್ರಕರಣ: ಅನುಬಂಧ ಚತುಷ್ಟಯ

ಯಾವ ಶಾಸ್ತ್ರಗ್ರಂಥವೇ ಆಗಲಿ, ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಆರಂಭದಲ್ಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಉಕುಲೇಲೆಗೂ ತಂತಿ ನಾಲ್ಕೇ. ಆದ್ದರಿಂದ ಈ ಕಟ್ಟಳೆ ಹುಟ್ಟಿದ್ದೇ ಆ ವಾದ್ಯವನ್ನು ಕಂಡು ಎಂಬುದು ನಮ್ಮ ದೃಢವಾದ ಅಭಿಮತ. ಇದಕ್ಕೆ ಆಧಾರವಿಲ್ಲ. ಆಧಾರವಿದ್ದಿದ್ದರೆ ಅಭಿಮತ ಎನ್ನುತ್ತಿರಲಿಲ್ಲ.

ವಿಷಯ: ರಟ್ಟಿನ ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಬರುವ ಉಕುಲೇಲೆಯನ್ನು, ಗೋಡೆಗೆ ಒಂದು ಮೊಳೆಯನ್ನೂ ನೆಟ್ಟಗೆ ಹೊಡೆಯದವನು ಜೋಡಿಸುವುದು. ಪ್ರಯೋಜನ: ನುಡಿಸಲು ಬಾರದಿದ್ದರೂ ‘ನಾನೇ ಮಾಡಿದ್ದು’ ಎನ್ನಬಹುದು. ಸಂಬಂಧ: ಡಬ್ಬಿಯೊಳಗಿನ ಸೂಚನಾಪತ್ರಕ್ಕೂ ಜೋಡಿಸುವವನ ಕೈಗೂ ಇರುವ ಹಾವು–ಮುಂಗುಸಿ ಸಂಬಂಧ. ಅಧಿಕಾರಿ: ವಿವೇಕ, ವೈರಾಗ್ಯ ಇದ್ದವನಲ್ಲ, ಭಾನುವಾರ ಬಿಡುವಿದ್ದವನು. ಇವನನ್ನು ಮುಂದೆ ‘ಸಾಧಕ’ ಎಂದೇ ಕರೆಯಲಾಗುವುದು. ಊರು ಬಸವಕಲ್ಯಾಣ. ಗ್ರಂಥದ ಉತ್ತರಾರ್ಧದಲ್ಲಿ ಇವನು ಹುಮನಾಬಾದಿಗೆ ಹೋಗುತ್ತಾನೆ. ಹೋಗುವಂಥದ್ದು ಏನಾಯಿತು ಎಂಬುದೇ ಗ್ರಂಥದ ತಿರುಳು.

ಎರಡನೆಯ ಪ್ರಕರಣ: ದೇಶಕಾಲ ನಿರ್ಣಯ

ಊರಿಗೆ ಹೊಸ ವಸ್ತು ಬಂದರೆ ಅದು ಮೊದಲೇ ತಮ್ಮಲ್ಲಿತ್ತೆಂದು ಸಾಧಿಸುವುದು ಸ್ಥಳೀಯ ವಿದ್ವಾಂಸರ ಪ್ರಥಮ ಕರ್ತವ್ಯ. ಈ ಕೆಲಸಕ್ಕೆ ಕಲ್ಯಾಣದಷ್ಟು ಅನುಕೂಲವಾದ ಊರು ಇನ್ನೊಂದಿಲ್ಲ. 1129ರ ಸುಮಾರಿಗೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ರಚಿಸಿದ. ಐದು ವಿಂಶತಿ, ನೂರು ಅಧ್ಯಾಯ. ಆನೆ ಪಳಗಿಸುವುದು, ಮೀನು ಹಿಡಿಯುವುದು, ಉದ್ದಿನ ಹಿಟ್ಟಿನ ಇಡ್ಡರಿಕೆ ಬೇಯಿಸುವುದು, ಹೊಲದ ಇಲಿಯನ್ನು ಅಡುಗೆಗೆ ತರುವುದು, ಎಲ್ಲವೂ ಅದರಲ್ಲುಂಟು. ಗೀತ, ವಾದ್ಯ, ನೃತ್ಯಗಳಿಗೆ ಪ್ರತ್ಯೇಕ ಅಧ್ಯಾಯಗಳುಂಟು. ಅಪ್ಪ ಬರೆದದ್ದು ಸಾಲದೆಂದು ಮಗ ಇಮ್ಮಡಿ ಜಗದೇಕಮಲ್ಲ ‘ಸಂಗೀತ ಚೂಡಾಮಣಿ’ಯನ್ನೇ ಬರೆದ. ಆದರೆ ಅಪ್ಪನಾಗಲಿ ಮಗನಾಗಲಿ ಉಕುಲೇಲೆಯ ಸುದ್ದಿ ಎತ್ತಿಲ್ಲ.

ಎತ್ತಿಲ್ಲವಾದ್ದರಿಂದ ಆಗ ಅದು ಇರಲಿಲ್ಲ ಎಂಬುದು ಪೂರ್ವಪಕ್ಷ. ಇದು ಬಾಲಿಶ. ಮನೆಮನೆಯಲ್ಲೂ ಇರುವ ವಸ್ತುವನ್ನು ಯಾವ ದೊರೆ ಬರೆದಿಡುತ್ತಾನೆ? ಹಾಗಾದರೆ ಇಡ್ಡರಿಕೆಯನ್ನೇಕೆ ಬರೆದಿಟ್ಟ ಎಂದು ಕೇಳುವವರಿಗೆ ಎರಡನೆಯ ಸಂಪುಟದಲ್ಲಿ ಉತ್ತರಿಸಲಾಗುವುದು.

ಇನ್ನು ಕಿನ್ನರಿ ಬೊಮ್ಮಯ್ಯನ ವಿಚಾರ. ಅಕ್ಕಸಾಲಿಕೆ ಬಿಟ್ಟು ಕಿನ್ನರಿ ಹಿಡಿದು ಕಲ್ಯಾಣಕ್ಕೆ ಬಂದ ಶರಣ. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಆಕೆಯನ್ನು ಪರೀಕ್ಷಿಸಲು ಮುಂದಾದವನೆಂದು ಶೂನ್ಯಸಂಪಾದನೆ ಹೇಳುತ್ತದೆ. ಅವನ ವಾದ್ಯ ಹೇಗಿತ್ತು? ಮುಂದಿನ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವ ‘ಸಂಗೀತ ರತ್ನಾಕರ’ದಲ್ಲಿ ಕಿನ್ನರಿಯ ವಿವರ ಕೊಟ್ಟಿದ್ದಾನೆ: ಒಂದು ದಂಡ, ನಾದಕ್ಕೆ ಸೋರೆಬುರುಡೆ, ದಂಡದ ಮೇಲೆ ಮೇಣದಿಂದ ಕೂರಿಸಿದ ರಣಹದ್ದಿನ ಎಲುಬಿನ ಸಾರಿಕೆಗಳು. ಇಂದಿನ ಕಿಟ್‌ನಲ್ಲಿ ದಂಡವಿದೆ, ಬುರುಡೆಯ ಬದಲು ಮರದ ಒಡಲಿದೆ, ಎಲುಬಿನ ಬದಲು ಹಿತ್ತಾಳೆ ಬಣ್ಣದ ಮೆಟ್ಟುಗಳಿವೆ, ಮೇಣದ ಬದಲು ಫೆವಿಕಾಲ್. ಹದ್ದೊಂದನ್ನು ಕಳೆದರೆ ಎರಡೂ ಒಂದೇ ಎಂದು ಸಿದ್ಧವಾಯಿತು.

ವಿರೋಧಿಗಳ ಸಮಾಧಾನಕ್ಕಾಗಿ ಅವರ ಇತಿಹಾಸವನ್ನೂ ದಾಖಲಿಸುತ್ತೇವೆ. ಅಟ್ಲಾಂಟಿಕ್ ಸಾಗರದ ಪೋರ್ಚುಗೀಸ್ ದ್ವೀಪ ಮದೀರಾದಿಂದ ಕಬ್ಬಿನ ತೋಟದ ಕೂಲಿಗೆ ಜನರನ್ನು ಹೊತ್ತ ‘ರೇವನ್ಸ್‌ಕ್ರಾಗ್’ ಎಂಬ ಹಡಗು 1879ರ ಆಗಸ್ಟ್‌ನಲ್ಲಿ ಹವಾಯಿಯ ಹೊನೊಲುಲು ಮುಟ್ಟಿತು. ಅದರಲ್ಲಿದ್ದ ಮ್ಯಾನುಯೆಲ್ ನೂನೆಸ್, ಜೋಸೆ ದೊ ಎಸ್ಪಿರಿತೊ ಸಾಂತೊ, ಆಗಸ್ಟೊ ದಿಯಸ್ ಎಂಬ ಮೂವರು ಬಡಗಿಗಳು ತಮ್ಮ ಊರಿನ ಪುಟ್ಟ ತಂತಿವಾದ್ಯವನ್ನು ಅಲ್ಲಿನ ಮರದಲ್ಲಿ ಮಾಡತೊಡಗಿದರು. ಅಲ್ಲಿಯ ದೊರೆ ಕಲಾಕೌವಾ ಅದಕ್ಕೆ ಮನಸೋತ. ಇತ್ತ ನಮ್ಮ ಬಸವಕಲ್ಯಾಣ ಸೀಮೆಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ, ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ನೆಲೆಸಿದ ಸಂತ ಮಾಣಿಕಪ್ರಭುಗಳು ಸಮಾಧಿಸ್ಥರಾದದ್ದು 1865ರಲ್ಲಿ. ಅಂದರೆ ಹದಿನಾಲ್ಕು ವರ್ಷದ ಅಂತರದಲ್ಲಿ ಉಕುಲೇಲೆಗೆ ಪ್ರಭುಗಳ ದರ್ಶನ ತಪ್ಪಿತು. ನಷ್ಟ ಯಾರದೆಂದು ಹೇಳಬೇಕಾಗಿಲ್ಲ.

ಮೂರನೆಯ ಪ್ರಕರಣ: ಪರಿಕರ ಲಕ್ಷಣ

ಡಬ್ಬಿ ತೆರೆದಾಗ ಕಾಣುವ ತತ್ತ್ವಗಳು: ಅಂಟಿಸಿ ಸಿದ್ಧವಾದ ಒಡಲು ಒಂದು, ದಂಡ ಒಂದು, ಮೆಟ್ಟು ಕೂರಿಸಿದ ಹಲಗೆ ಒಂದು, ತಂತಿಗಳನ್ನು ಹೊರುವ ಕುದುರೆ ಒಂದು, ಮೇಲೊಂದು ಕೆಳಗೊಂದು ಬಿಳಿ ಪಟ್ಟಿ, ಬಿರಡೆ ನಾಲ್ಕು, ನೈಲಾನ್ ತಂತಿ ನಾಲ್ಕು, ಕಣ್ಣಿಗೆ ಕಾಣದಷ್ಟು ಸಣ್ಣ ಸ್ಕ್ರೂಗಳು, ಒಂದು ತುಂಡು ಉಪ್ಪುಕಾಗದ. ಸಾಂಖ್ಯರು ಇಪ್ಪತ್ತೈದು ತತ್ತ್ವ ಹೇಳುತ್ತಾರೆ. ಸ್ಕ್ರೂಗಳನ್ನು ಸೇರಿಸಿದರೆ ಇಲ್ಲಿಯೂ ಲೆಕ್ಕ ಅಲ್ಲಿಗೇ ಹತ್ತಿರ ಬರುತ್ತದೆ. ಆದರೆ ಜೋಡಣೆ ಮುಗಿಯುವ ಹೊತ್ತಿಗೆ ಒಂದು ಸ್ಕ್ರೂ ಮಂಚದ ಕೆಳಗೆ ಅವ್ಯಕ್ತದಲ್ಲಿ ಲೀನವಾಗುವುದು ನಿಶ್ಚಿತ.

ತಂತಿಗಳ ಶ್ರುತಿಯ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಎರಡನೆಯ ತಂತಿಯನ್ನು ಷಡ್ಜವೆಂದಿಟ್ಟುಕೊಂಡರೆ ಮೇಲಿನಿಂದ ಕೆಳಕ್ಕೆ ಪ, ಸ, ಗ, ಧ. ಗಲ್ಲಕ್ಕೆ ಹತ್ತಿರದ ಮೊದಲ ತಂತಿ ಮಂದ್ರವಿರಬೇಕಾದ ಜಾಗದಲ್ಲಿ ಪಂಚಮ ಹಿಡಿದು ಎರಡನೆಯದಕ್ಕಿಂತ ಮೇಲೆ ಕೂಗುತ್ತದೆ. ಇದು ಡಬ್ಬಿ ತುಂಬಿದವರ ಪ್ರಮಾದವೆಂದು ಒಂದು ಪಂಥ ತಂತಿ ಅದಲುಬದಲು ಮಾಡಿ ಕಟ್ಟಿತು. ವಾದ್ಯ ಒಪ್ಪಲಿಲ್ಲ. ಅದು ಹವಾಯಿಯ ರೂಢಿ, ಪ್ರಮಾದವಲ್ಲ ಎಂಬುದು ಸಿದ್ಧಾಂತ.

ನಾಲ್ಕನೆಯ ಪ್ರಕರಣ: ವರ್ಣವಾದ ಖಂಡನ

ಸಾಧಕರಲ್ಲಿ ಎರಡು ಮತ. ಮೊದಲು ಅಂಟು ಎನ್ನುವವರು ಲೇಪವಾದಿಗಳು. ಮೊದಲು ಬಣ್ಣ ಎನ್ನುವವರು ವರ್ಣವಾದಿಗಳು. ನಮ್ಮ ಸಾಧಕ ಹುಟ್ಟಾ ವರ್ಣವಾದಿ. ಬೀದರ್ ಜಿಲ್ಲೆಯವನಾದ ಮೇಲೆ ಬಿದರಿಯ ಅಭಿಮಾನ ಬಿಡಲಾದೀತೇ? ಸತು–ತಾಮ್ರದ ಪಾತ್ರೆಯನ್ನು ಬೀದರ್ ಕೋಟೆಯ ಮಣ್ಣಿನಿಂದ ಕಪ್ಪಾಗಿಸಿ, ಅದರ ಮೇಲೆ ಬೆಳ್ಳಿ ಎದ್ದು ಕಾಣುವಂತೆ ಮಾಡುವ ಕುಸುರಿ ಅದು. ಸಾಧಕ ಉಕುಲೇಲೆಯ ಒಡಲಿಗೆ ಉದ್ದಕ್ಕೂ ಅಗಲಕ್ಕೂ ಕಪ್ಪು ಬಣ್ಣ ಬಳಿದ. ಮೇಲೆ ಬೆಳ್ಳಿ ಬಣ್ಣದ ಬಳ್ಳಿ ಬಿಡಿಸಿದ. ಅದರ ಮೇಲೆ ವಾರ್ನಿಶ್. ಒಳಕೋಣೆಯಿಂದ ಆಯಿ ಬಂದು ನೋಡಿ, “ಭಾಳ ಚಂದ ಆಗ್ಯದ ತಮ್ಮಾ, ಗ್ವಾಡಿಗಿ ತೂಗ್ಹಾಕು” ಎಂದಳು. ಈ ವಿಷಯದಲ್ಲಿ ನಮಗೆ ದೊರೆತ ಅತ್ಯಂತ ದೂರದೃಷ್ಟಿಯ ವಿಮರ್ಶೆ ಇದೇ.

ವಾರ್ನಿಶ್ ಒಣಗಿತು. ಅದರ ಮೇಲೆ ಸಾಧಕ ಕುದುರೆಗೆ ಅಂಟು ಹಚ್ಚಿ ಕೂರಿಸಿದ. ಅಂಟೂ ಒಣಗಿತು. ತಂತಿ ಕಟ್ಟಿ ಬಿರಡೆ ತಿರುವಿದ. ನಾಲ್ಕು ತಂತಿಗಳೂ ಶ್ರುತಿಗೆ ಬರುವ ಹೊತ್ತಿಗೆ ಕುದುರೆಯ ಮೇಲಿನ ಸೆಳೆತ ಹತ್ತು ಕಿಲೋ ದಾಟಿರುತ್ತದೆ. ಮೂರು ತಂತಿ ಶ್ರುತಿಗೆ ಬಂದವು. ನಾಲ್ಕನೆಯದನ್ನು ತಿರುವುತ್ತಿದ್ದಂತೆ ‘ಟಪ್’ ಎಂದಿತು. ಕುದುರೆ ತನ್ನ ಅಡಿಗೆ ಕಪ್ಪು ಬಣ್ಣ, ಬೆಳ್ಳಿ ಬಳ್ಳಿ, ವಾರ್ನಿಶ್ ಇಷ್ಟನ್ನೂ ಹೊತ್ತುಕೊಂಡು ಎದ್ದು ಬಂತು. ಕೆಳಗೆ ಬಿಳಿಯ ಮರ ಚೊಕ್ಕಟವಾಗಿ ಕಾಣುತ್ತಿತ್ತು.

ಮಾನಸೋಲ್ಲಾಸದ ನೂರು ಅಧ್ಯಾಯಗಳಲ್ಲಿ ಇದಕ್ಕೆ ಪರಿಹಾರ ಹುಡುಕಲಾಯಿತು. ಇಲಿಗೆ ಇದೆ, ಕುದುರೆ ಏರುವುದಕ್ಕೂ ಇದೆ. ಈ ಕುದುರೆಗೆ ಇಲ್ಲ.

ಐದನೆಯ ಪ್ರಕರಣ: ಹುಮನಾಬಾದ ಯಾತ್ರೆ

ಶಾಸ್ತ್ರ ಕೈಬಿಟ್ಟಲ್ಲಿ ತೀರ್ಥಯಾತ್ರೆ ವಿಹಿತ. ಸಾಧಕ ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ಹಿಡಿದು ಹುಮನಾಬಾದಿಗೆ ಹೋದ. ದತ್ತ ಜಯಂತಿಗೆ ಮಾಣಿಕನಗರದಲ್ಲಿ ಸಂಗೀತ ದರ್ಬಾರು ನಡೆಯುತ್ತದೆ, ದೂರದೂರದ ಗಾಯಕ ವಾದಕರು ಬಂದು ಸೇವೆ ಸಲ್ಲಿಸುತ್ತಾರೆ. ಅಂಥ ಊರಿನಲ್ಲಿ ವಾದ್ಯ ಬಲ್ಲ ಬಡಿಗರು ಇರಲೇಬೇಕೆಂಬುದು ಅನುಮಾನ ಪ್ರಮಾಣ. ಪ್ರತ್ಯಕ್ಷ ಪ್ರಮಾಣವಾಗಿ ಸಿಕ್ಕವರು ಬಾಗಿಲು ಚೌಕಟ್ಟು ಮಾಡುವ ಒಬ್ಬ ಕಾಕಾ. ಭಜನಾ ಮಂಡಳಿಯವರ ಏಕತಾರಿಯ ಬಿರಡೆ ಸಡಿಲಾದರೆ ಅವರಲ್ಲಿಗೇ ತರುತ್ತಾರೆ. ಉಕುಲೇಲೆಯನ್ನು ಅವರು ಕಂಡದ್ದು ಅದೇ ಮೊದಲು.

ಕುದುರೆಯನ್ನು ತಿರುಗಿಸಿ ನೋಡಿ ಕಾಕಾ ಕೇಳಿದರು: “ಬಣ್ಣದ ಮ್ಯಾಲ ಅಂಟ್ ಹಚ್ಚೀದಿ ಏನೋ ತಮ್ಮಾ? ಅಂಟು ಬಣ್ಣಕ್ಕ ಹತ್ಯದ. ಕಟ್ಗಿಗಿ ಎಲ್ಲಿ ಹತ್ಯದ?”

ಸಾಧಕ ಬಾಯಿ ತೆರೆಯುವ ಮೊದಲೇ ಕಾಕಾ ಪೆನ್ಸಿಲಿನಿಂದ ಕುದುರೆಯ ಸುತ್ತ ಗೀರು ಎಳೆದು, ಒಳಗಿನ ಬಣ್ಣವನ್ನು ಉಳಿಯ ಅಂಚಿನಿಂದ ಮರ ಕಾಣುವವರೆಗೆ ಕೆರೆದಿದ್ದರು. ಆಮೇಲೆ ಕುದುರೆ ಎಲ್ಲಿ ಕೂರಬೇಕೆಂಬ ಪ್ರಶ್ನೆ ಬಂತು. ಸಾಧಕನಿಗೆ ತನ್ನ ಪಾಂಡಿತ್ಯ ತೋರಿಸಲು ಇದೇ ಸಂದರ್ಭ. ತಂತಿಯ ಉದ್ದವನ್ನು 17.817ರಿಂದ ಭಾಗಿಸಬೇಕು. 345 ಮಿ.ಮೀ. ತಂತಿಯಾದರೆ ಮೊದಲ ಮೆಟ್ಟು 19.36 ಮಿ.ಮೀ. ದೂರದಲ್ಲಿ ಬರುತ್ತದೆ, ಉಳಿದ ಉದ್ದವನ್ನು ಮತ್ತೆ ಭಾಗಿಸಿದರೆ ಎರಡನೆಯದು 18.28 ಮಿ.ಮೀ. ಆಚೆಗೆ, ಹೀಗೆ ಹನ್ನೆರಡನೆಯ ಮೆಟ್ಟಿಗೆ ಬಂದಾಗ ತಂತಿ ಅರ್ಧವಾಗಿ ಮೇಲಿನ ಸಪ್ತಕದ ಸ್ವರ ಹುಟ್ಟುತ್ತದೆ ಎಂದು ಮೊಬೈಲಿನಲ್ಲಿ ಲೆಕ್ಕ ಹಾಕುತ್ತ ವ್ಯಾಖ್ಯಾನಿಸಿದ. ಕುದುರೆ 5 ಮಿ.ಮೀ. ಹಿಂದೆ ಸರಿದರೂ ಆ ಸ್ವರ ಎರಡು ಸ್ವರಸ್ಥಾನಗಳ ನಡುವಿನ ಅಂತರದ ಕಾಲು ಪಾಲು ಇಳಿದುಬಿಡುತ್ತದೆ ಎಂದೂ ಎಚ್ಚರಿಸಿದ. ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ.

ಕಾಕಾ ಕೇಳುತ್ತಲೇ ಒಂದು ದಾರ ತೆಗೆದು ಮೇಲಿನ ಬಿಳಿ ಪಟ್ಟಿಯಿಂದ ಹನ್ನೆರಡನೆಯ ಮೆಟ್ಟಿನವರೆಗೆ ಹಿಡಿದರು. ಅಲ್ಲಿ ಬೆರಳೊತ್ತಿ, ದಾರವನ್ನು ಕೆಳಕ್ಕೆ ಮಡಿಚಿದರು. ದಾರದ ತುದಿ ಒಡಲಿನ ಮೇಲೆ ಎಲ್ಲಿ ಬಿತ್ತೋ ಅಲ್ಲಿ ಪೆನ್ಸಿಲ್ ಗುರುತು.

“ಅರ್ಧಾ ಅಂದ್ರ ಇಷ್ಟೇ ಹೌದಲ್ಲೋ?”

ತಂತಿಯನ್ನು ಒತ್ತಿದಾಗ ಅದು ತುಸು ಬಿಗಿದು ಸ್ವರ ಏರುತ್ತದೆ, ಆದ್ದರಿಂದ ಒಂದೂವರೆ ಮಿ.ಮೀ. ಹೆಚ್ಚು ಬಿಡಬೇಕೆಂದು ಸೂಚನಾಪತ್ರ ಹೇಳುತ್ತದೆಂದು ಸಾಧಕ ಕೊನೆಯ ಅಸ್ತ್ರ ಬಿಟ್ಟ. “ಅರ್ಧ ಸೂತ ಅನ್ನು” ಎಂದು ಕಾಕಾ ಗುರುತನ್ನು ಅಷ್ಟು ಸರಿಸಿದರು. ಬಡಿಗರ ಲೆಕ್ಕದಲ್ಲಿ ಸೂತವೆಂದರೆ ಇಂಚಿನ ಎಂಟನೆಯ ಒಂದು ಪಾಲು. ಅದರ ಅರ್ಧ ಒಂದೂವರೆ ಮಿ.ಮೀ.ಗೆ ಕೂದಲೆಳೆಯಷ್ಟು ಹೆಚ್ಚು. ಅಂಟು ಹಚ್ಚಿ, ಬಿಗಿದು ಕಟ್ಟಿ, “ನಾಳಿ ತನಕ ಮುಟ್ಟಬ್ಯಾಡ” ಎಂದರು.

ಆರನೆಯ ಪ್ರಕರಣ: ಸಿದ್ಧಾಂತ ಮತ್ತು ಫಲಶ್ರುತಿ

ಕುದುರೆ ನಿಂತಿದೆ. ಹೊಸ ನೈಲಾನ್ ತಂತಿ ಹಿಗ್ಗುತ್ತಲೇ ಇರುವುದರಿಂದ ಮೊದಲ ಕೆಲವು ದಿನ ಶ್ರುತಿ ಇಳಿಯುತ್ತಿತ್ತು, ತಿರುವಿ ತಿರುವಿ ಸರಿಹೋಯಿತು. ಬಿದರಿ ಬಳ್ಳಿಯ ನಡುವೆ ಕುದುರೆಯ ಸುತ್ತ ಉಳಿಯ ಒಂದು ಗೀರು ಉಳಿದಿದೆ. ಅದು ಚಾಲುಕ್ಯ ಶೈಲಿಯ ಪ್ರಭಾವವೆಂದು ಸಾಧಕ ಬಂದವರಿಗೆಲ್ಲ ವಿವರಿಸುತ್ತಾನೆ. ವಿದ್ವತ್ತು ಅಷ್ಟು ಬೇಗ ಸಾಯುವುದಿಲ್ಲ.

ಪೂರ್ವಪಕ್ಷಗಳನ್ನೆಲ್ಲ ಖಂಡಿಸಿದ ಮೇಲೆ ಉಳಿಯುವ ಸಿದ್ಧಾಂತ ಚಿಕ್ಕದು. ಹೊನೊಲುಲುವಿನಲ್ಲಿ ಉಕುಲೇಲೆ ಮಾಡಿದವರು ಮೂವರು ಬಡಗಿಗಳು. ದೊರೆ ಮೆಚ್ಚಿದ್ದು ಆಮೇಲೆ. ಕಿನ್ನರಿಯಲ್ಲೂ ಮೊದಲು ಯಾರೋ ಮೇಣ ಕಾಸಿ ಸಾರಿಕೆ ಕೂರಿಸಿರಬೇಕು, ಶಾರ್ಙ್ಗದೇವ ಬರೆದದ್ದು ಆಮೇಲೆ. ಕೈ ಮೊದಲು ಬಲ್ಲದ್ದನ್ನು ಗ್ರಂಥ ತಡವಾಗಿ ಒಪ್ಪಿಕೊಳ್ಳುತ್ತದೆ. ಈ ಗ್ರಂಥವೂ ಹಾಗೆಯೇ.

ಇದನ್ನು ಭಕ್ತಿಯಿಂದ ಓದಿದವರಿಗೆ ಫಲ ಹೀಗೆ: ಕುದುರೆ ಕೂರುವ ಜಾಗಕ್ಕೆ ಬಣ್ಣ ತಾಗಿಸಬೇಡಿ. ಹನ್ನೆರಡನೆಯ ಮೆಟ್ಟಿನಿಂದ ಅಳೆದು, ಮತ್ತೊಮ್ಮೆ ಅಳೆದು, ಅಂಟು ಹಚ್ಚಿ. ಒಂದು ರಾತ್ರಿ ಕಾಯಿರಿ. ಇಷ್ಟಾಗಿಯೂ ತಿಳಿಯದಿದ್ದರೆ ಗ್ರಂಥ ಮಡಚಿಟ್ಟು ನಿಮ್ಮೂರಿನ ಬಡಿಗರ ಅಂಗಡಿಗೆ ಹೋಗಿ ಕೇಳಿ. ಮಾತಿಗೇನು ದುಡ್ಡು ಎಂದು ಎದ್ದು ಬರಬೇಡಿ. ಕಾಯಕದ ಮಾತು ಹುಟ್ಟಿದ ನಾಡು ಇದು, ಅವರ ಕೂಲಿ ಕೊಟ್ಟೇ ಬನ್ನಿ.