ಕೋವಿ ಕೈತಪ್ಪಿಸಿಕೊಳ್ಳುವ ಕ್ರಮ

ಮೊದಲು ಕಾನೂನು ತಿಳಿದುಕೊಳ್ಳಿ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಲೈಸೆನ್ಸುದಾರನೊಬ್ಬ ಇಟ್ಟುಕೊಳ್ಳಬಹುದಾದ ಕೋವಿ ಎರಡು. ಅದಕ್ಕೆ ಮುಂಚೆ ಮೂರಿತ್ತು. ಅಜ್ಜನಿಂದ ಬಂದದ್ದೂ ಈ ಎರಡರೊಳಗೇ ಸೇರಬೇಕು. ಎರಡು ಕೋವಿಗೆ ಯಾರೂ ಸಂಗ್ರಹ ಎನ್ನುವುದಿಲ್ಲ. ಆದ್ದರಿಂದ ನೀವು ಸಂಗ್ರಹಿಸಬೇಕಾದದ್ದು ಕೈತಪ್ಪಿದ ಕೋವಿಗಳನ್ನು. ಅವಕ್ಕೆ ಲೈಸೆನ್ಸ್ ಬೇಡ, ಐದು ವರ್ಷಕ್ಕೊಮ್ಮೆ ರಿನ್ಯೂವಲ್ ಇಲ್ಲ, ತುಕ್ಕು ಹಿಡಿಯುವುದಿಲ್ಲ. ಮಲೆನಾಡಿನಲ್ಲಿ ಇಂಥ ಸಂಗ್ರಹದ ಯಜಮಾನರು ಊರಿಗೊಬ್ಬರಾದರೂ ಇದ್ದಾರೆ. ಕ್ರಮ ತಪ್ಪದೆ ನಡೆದರೆ ನೀವೂ ಆಗಬಹುದು.

ಆಸೆ ಪುಸ್ತಕದಿಂದ ಹುಟ್ಟಲಿ. ತೇಜಸ್ವಿಯವರ ‘ಕಾಡಿನ ಕತೆಗಳು’ ಓದಿ, ಕೆನೆತ್ ಆಂಡರ್ಸನ್‌ನ ಹಿಂದೆ ಮಾಗಡಿ, ಜಾಲಹಳ್ಳಿ ಸುತ್ತಿ ಬನ್ನಿ. ಅವನ ಕೈಯಲ್ಲಿದ್ದದ್ದು .405 ವಿಂಚೆಸ್ಟರ್, 1895ರ ಮಾದರಿ, ಕೆಳಗಿನ ಲಿವರ್ ಎಳೆದು ತೋಟಾ ಏರಿಸುವಂಥದ್ದು. ಜಿಮ್ ಕಾರ್ಬೆಟ್‌ನದು .275 ರಿಗ್ಬಿ. ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಸಿಕ್ಕ ಬಹುಮಾನ ಅದು. ಕಾರ್ಬೆಟ್ ತೀರಿಕೊಂಡ ಮೇಲೆ ಪ್ರಕಾಶಕರ ಪಾಲಾಗಿ, ಕೊನೆಗೆ 2015ರಲ್ಲಿ ಅದನ್ನು ತಯಾರಿಸಿದ ರಿಗ್ಬಿ ಕಂಪನಿಯೇ ಕೊಂಡುಕೊಂಡಿತು. ಈ ಎರಡು ಹೆಸರು ನಾಲಿಗೆಯ ಮೇಲಿದ್ದರೆ ಸಾಕು, ಓದು ಅಲ್ಲಿಗೇ ನಿಲ್ಲಿಸಿ. ನಳಿಗೆಯ ಮೇಲೆ ಕೆತ್ತಿದ ಅಕ್ಷರ ಏನು ಹೇಳುತ್ತದೆ, ಪ್ರೂಫ್ ಮುದ್ರೆ ಎಲ್ಲಿರುತ್ತದೆ, ಸೀರಿಯಲ್ ನಂಬರಿನಿಂದ ಹುಟ್ಟಿದ ವರ್ಷ ಹೇಗೆ ಹಿಡಿಯುವುದು ಎಂಬುದನ್ನೆಲ್ಲ ಕಲಿಯಲು ಹೋಗಬೇಡಿ. ಕಲಿತವನಿಗೆ ಎದುರಿಗಿರುವ ಕೋವಿ ಯಾವುದೆಂದು ಗೊತ್ತಾಗಿಬಿಡುವ ಅಪಾಯವಿದೆ. ರಿಗ್ಬಿ ಎಂದರೆ ನೋಟಕ್ಕೆ ಮಾಸರ್ ಬೋಲ್ಟಿನ ಒಂದು ಸಾದಾ ರೈಫಲ್ಲು. ಗೊತ್ತಿಲ್ಲದವನು ಅದನ್ನು ಗೋಡೆಗೆ ಒರಗಿಸಿ, ಕೊಟ್ಟ ಕಾಫಿ ಕುಡಿದು ಬರುತ್ತಾನೆ. ನೀವು ಅವನಾಗಿ.

ಇನ್ನು ಹೊರಡಿ. ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯ ಹಳೆಯ ಎಸ್ಟೇಟು ಮನೆಗಳೇ ಒಳ್ಳೆಯ ಜಾಗ. ದೊರೆಗಳು ತೋಟ ಮಾರಿ ಹಡಗು ಹತ್ತುವಾಗ ಬಿಟ್ಟುಹೋದದ್ದು ಬರೀ ಕಾಫಿ ಗಿಡವಲ್ಲ. ಮನೆಯ ಹಿರಿಯರು ತಾವಾಗಿಯೇ ಕೋವಿ ತೆಗೆದು ತೋರಿಸುತ್ತಾರೆ. ಆಗ ಮಾತು ಹೀಗೆ ಸಾಗಬೇಕು.

“ಬೇಕಾದ್ರೆ ತಗೊಂಡು ಹೋಗು ಮಾರಾಯ. ನಮ್ಮನೇಲಿ ಇದನ್ನ ಮುಟ್ಟೋರು ಯಾರೂ ಇಲ್ಲ. ಹುಡುಗರೆಲ್ಲ ಬೆಂಗಳೂರಲ್ಲಿ.”

“ಆಗ್ಲಿ ಗೌಡ್ರೇ, ಎಲ್ಲಿ ಹೋಗುತ್ತೆ. ಕೊಯ್ಲು ಮುಗೀಲಿ, ಬರ್ತೀನಿ.”

‘ಎಲ್ಲಿ ಹೋಗುತ್ತೆ’ ಎಂಬ ಮಾತನ್ನು ಬಿಡಬೇಡಿ. ನಮ್ಮ ಕಡೆಯ ಒಳ್ಳೊಳ್ಳೆಯ ಕೋವಿಗಳೆಲ್ಲ ಈ ಎರಡು ಪದದಿಂದಲೇ ಹೋದದ್ದು. ಕೊಯ್ಲು ಮುಗಿದ ಮೇಲೆ ಕಾಫಿ ಒಣಗಬೇಕು, ಆಮೇಲೆ ಮೆಣಸು, ಆಮೇಲೆ ಮದುವೆಗಳು, ಆಮೇಲೆ ಮಳೆ. ನೀವು ಹೋಗುವ ಹೊತ್ತಿಗೆ ಗೌಡರ ವೈಕುಂಠ ಸಮಾರಾಧನೆ ಆಗಿರುತ್ತದೆ. ಕೋವಿ ಡೀಲರನ ಅಂಗಡಿ ಸೇರಿ, ಅಲ್ಲಿಂದ ಯಾವುದೋ ಊರಿನ ಯಾರಿಗೋ ಹೋಗಿರುತ್ತದೆ. ಹುಡುಗರು ಬೆಂಗಳೂರಿನಿಂದ ಬಂದಿದ್ದು ಅದೊಂದು ಕೆಲಸಕ್ಕೆ.

ಹಿರಿಯರು ಸುಮ್ಮನೆ ಕೊಡುವವರಲ್ಲ, ಬೆಲೆ ಹೇಳುವವರು ಎಂದಾದರೆ ಚೌಕಾಸಿ ಮಾಡಿ. ದೊಡ್ಡ ಮೊತ್ತಕ್ಕೆ ಜಗ್ಗಬೇಡಿ, ಅದರಿಂದ ಸರಿಯಾದ ಪಶ್ಚಾತ್ತಾಪ ಹುಟ್ಟುವುದಿಲ್ಲ. ಐನೂರು ರೂಪಾಯಿಗೆ ಜಗ್ಗಿ. 1980ರ ದಶಕದಿಂದೀಚೆಗೆ ಸಾಮಾನ್ಯ ಮನುಷ್ಯ ಹೊರದೇಶದಿಂದ ಕೋವಿ ತರಿಸುವ ದಾರಿ ಹೆಚ್ಚುಕಡಿಮೆ ಮುಚ್ಚಿದೆ. ಒಳಗಿರುವ ವಿದೇಶಿ ಕೋವಿಗಳ ಬೆಲೆ ಏರಿದ್ದು ಅದಕ್ಕೇ. ಇದು ನಿಮಗೆ ತಿಳಿದಿದ್ದರೂ ತೋರಿಸಿಕೊಳ್ಳಬೇಡಿ. ಐನೂರು ಇಳಿಸದಿದ್ದರೆ ಎದ್ದು ಹೋಗುವವನ ಹಾಗೆ ಚಪ್ಪಲಿ ಮೆಟ್ಟಿ. ಹಿಂದಿನಿಂದ ಕರೆಯುತ್ತಾರೆಂದು ಕಾಯುತ್ತಾ ಗೇಟಿನವರೆಗೆ ನಿಧಾನವಾಗಿ ನಡೆಯಿರಿ. ಕರೆಯುವುದಿಲ್ಲ.

ಚೌಕಾಸಿ ಸಾಲದಿದ್ದರೆ ತೋಟಾದ ನೆಪ ಹಿಡಿಯಿರಿ. ಇದು ಬಲ್ಲವರ ನೆಪ, ಕೇಳಲು ಘನವಾಗಿರುತ್ತದೆ. ಹಿನ್ನೆಲೆ ಗೊತ್ತಿದ್ದರೆ ಇನ್ನೂ ಘನ. ಕಳೆದ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಸರ್ಕಾರ .450 ಅಳತೆಯ ತೋಟಾ ಭಾರತಕ್ಕೆ ಬರದಂತೆ ತಡೆಯಿತು. ಬಂಡಾಯಗಾರರ ಕೈಗೆ ಸಿಕ್ಕಿದ್ದ ಮಾರ್ಟಿನಿ-ಹೆನ್ರಿ ಕೋವಿಗಳಿಗೆ ಆ ಗುಂಡು ದಕ್ಕಬಾರದೆಂದು. ಇಂಗ್ಲೆಂಡಿನ ಕೋವಿ ತಯಾರಕರು ತಲೆ ಕೆಡಿಸಿಕೊಳ್ಳಲಿಲ್ಲ. ಅಳತೆಯನ್ನು ಕೂದಲೆಳೆಯಷ್ಟು ಹಿಗ್ಗಿಸಿ .465, .470, .475 ಎಂದು ಸಾಲುಸಾಲಾಗಿ ತಂದರು. ಆನೆ, ಕಾಟಿ ಉರುಳಿಸಲು ಮಾಡಿದ ಆ ಜೋಡುನಳಿಗೆ ರೈಫಲ್ಲುಗಳು ಹೀಗೆ ನಮ್ಮ ಅಟ್ಟಗಳಿಗೆ ಬಂದವು. ಇವತ್ತು ಅವುಗಳ ತೋಟಾ ಇಲ್ಲಿ ಸಿಗುವುದು ದುರ್ಲಭ, ಸಿಕ್ಕರೂ ಒಂದೊಂದಕ್ಕೂ ತೆರಬೇಕಾದ ಬೆಲೆ ಕೇಳಿದರೆ ಎದೆ ಹಿಡಿದುಕೊಳ್ಳಬೇಕು. ಹಳೆಯ .303 ಇದ್ದರೆ ಅದು ಸೈನ್ಯದ ಬೋರು, ನಿಷಿದ್ಧ. ನಮ್ಮ ಸರ್ಕಾರಿ ಕಾರ್ಖಾನೆ ನಾಗರಿಕರಿಗೆಂದು ಮಾಡುವುದು .315.

ಆದ್ದರಿಂದ ಗಂಭೀರವಾಗಿ ತಲೆಯಾಡಿಸಿ, “ಕೋವಿ ಚೆನ್ನಾಗಿದೆ, ತೋಟಾ ಎಲ್ಲಿ ತರೋದು?” ಎಂದು ಬಿಟ್ಟುಬಿಡಿ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿಯೇ ಇಲ್ಲ, ನೀವು ಹೊಡೆಯುವ ಪ್ರಾಣಿಯೂ ಇಲ್ಲ, ತೋಟಾ ಇದ್ದಿದ್ದರೂ ಅದನ್ನು ಶೋಕೇಸಿನಲ್ಲೇ ಇಡುತ್ತಿದ್ದಿರಿ. ಈ ವಿಚಾರ ಮನೆಗೆ ಬಂದು ಮಲಗಿದ ಮೇಲೆ ಹೊಳೆಯಲಿ.

ಕೊಡಗಿಗೆ ಹೋಗುವುದಾದರೆ ಬೇರೆ ವಿಧಾನ ಬೇಕು. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರಿಂದ ಲೈಸೆನ್ಸಿನ ವಿನಾಯಿತಿ ನಡೆದುಬಂದಿದೆ, ಈಗಿನ ಆದೇಶ 2029ರವರೆಗಿದೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. ಪುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಗುಂಡು ಹಾರಬೇಕು. ನೀವು ಸೆಪ್ಟೆಂಬರಿನ ಮೊದಲ ವಾರ, ಕೈಲ್‌ಪೊಳ್ದ್ ಹಬ್ಬದ ದಿನವೇ ಹೋಗಿ. ಕೋವಿಗಳನ್ನು ಸಾಲಾಗಿ ಇಟ್ಟು, ನಳಿಗೆಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ, ಗಂಧ ಹಚ್ಚಿ ಮನೆಮಂದಿಯೆಲ್ಲ ಕೈಮುಗಿದು ನಿಂತಿರುತ್ತಾರೆ. ಹಿರಿಯರ ಪ್ರಾರ್ಥನೆ ಮುಗಿದ ಕೂಡಲೇ ಮೂರನೆಯ ಕೋವಿಯತ್ತ ಬೆರಳು ತೋರಿಸಿ ಬೆಲೆ ಕೇಳಿ. ಊಟ ಹಾಕಿಯೇ ಕಳಿಸುತ್ತಾರೆ, ಆ ಮರ್ಯಾದೆಗೆ ಕುಂದಿಲ್ಲ. ಮುಂದಿನ ವರ್ಷದ ಹಬ್ಬಕ್ಕೆ ಕರೆಯುವುದಿಲ್ಲ ಅಷ್ಟೆ. ಒಂದೇ ಪ್ರಶ್ನೆಯಲ್ಲಿ ಒಂದು ಒಕ್ಕದ ಅಷ್ಟೂ ಕೋವಿ ಕೈತಪ್ಪಿಸಿಕೊಂಡಂತಾಯಿತು. ಇಷ್ಟು ಕಡಿಮೆ ಖರ್ಚಿನ ವಿಧಾನ ಇನ್ನೊಂದಿಲ್ಲ.

ಎಷ್ಟೇ ಎಚ್ಚರವಾಗಿದ್ದರೂ ಒಮ್ಮೊಮ್ಮೆ ಕೋವಿ ಸಿಕ್ಕಿಬಿಡುತ್ತದೆ. ಅಜ್ಜನದೇ ನಿಮ್ಮ ಹೆಸರಿಗೆ ಬರಬಹುದು. ಧೈರ್ಯಗೆಡಬೇಡಿ; ಮನೆಯೊಳಗಿರುವ ಕೋವಿಯನ್ನೂ ಕಳೆದುಕೊಳ್ಳಲು ಸಾಧ್ಯ.

ಮೊದಲು ಮರಳುಕಾಗದ ತನ್ನಿ. ಹಿಂಬದಿಯ ವಾಲ್‌ನಟ್ ಮರಕ್ಕೆ ನೂರು ವರ್ಷದ ಎಣ್ಣೆ, ಬೆವರು, ಭುಜದ ಉಜ್ಜು ಸೇರಿ ಒಂದು ಕಪ್ಪು ಹೊಳಪು ಬಂದಿರುತ್ತದೆ. ಬಿಳಿ ಮರ ಕಾಣುವ ತನಕ ಉಜ್ಜಿ. ಹಿಡಿಯ ಮೇಲಿನ ಗೀರುಗೀರಿನ ಕೆತ್ತನೆ ಉಜ್ಜಿಗೆ ಅಡ್ಡ ಬರುತ್ತದೆ, ಅದನ್ನೂ ಸಪಾಟು ಮಾಡಿ. ಮೇಲೆ ಬಾಗಿಲಿಗೆ ಹೊಡೆದು ಉಳಿದ ವಾರ್ನಿಶ್ ಎರಡು ಕೋಟು ಕೊಡಿ. ಇನ್ನು ಉಕ್ಕು. ನಳಿಗೆಯ ಆ ನೀಲಿಗಪ್ಪು ಬಣ್ಣ ಬಳಿದದ್ದಲ್ಲ, ಕಬ್ಬಿಣದ ಮೇಲೇ ಕೂರಿಸಿದ ತೆಳ್ಳನೆಯ ಆಕ್ಸೈಡ್ ಪದರ. ಅಂಚುಗಳಲ್ಲಿ ಅದು ಸವೆದು ಬೆಳ್ಳಗಾಗಿದ್ದರೆ ಬಲ್ಲವರು ಅದಕ್ಕೇ ಹೆಚ್ಚು ಕೊಡುತ್ತಾರೆ. ಬಫಿಂಗ್ ಚಕ್ರಕ್ಕೆ ಹಿಡಿಸಿ ಎಲ್ಲವನ್ನೂ ಸಮ ಮಾಡಿ. ತಯಾರಕರ ಹೆಸರಿನ ಅಕ್ಷರಗಳು ಅರ್ಧಕ್ಕರ್ಧ ಅಳಿಸಿದಾಗ ನಿಲ್ಲಿಸಿ. ಪೂರ್ತಿ ಅಳಿಸಿದರೆ ಅಲ್ಲಿ ಏನಿತ್ತೆಂದು ಮುಂದೆ ಕೊರಗಲು ಆಧಾರವಿರುವುದಿಲ್ಲ. ಸೀರಿಯಲ್ ನಂಬರನ್ನು ಮಾತ್ರ ಮುಟ್ಟಬೇಡಿ. ಅದು ಪಶ್ಚಾತ್ತಾಪದ ವಿಷಯವಲ್ಲ, ಜೈಲಿನ ವಿಷಯ. ಒಳ್ಳೆಯ ಇಂಗ್ಲಿಷ್ ಕೋವಿಗಳ ಬಾಡಿಯ ಮೇಲೆ ಎಲುಬಿನ ಇದ್ದಿಲಿನಲ್ಲಿ ಕಾಯಿಸಿ ತಂದ ನೀಲಿ-ಕಂದು ಸುಳಿಗಳಿರುತ್ತವೆ. ಅದನ್ನು ಕಲೆ ಎಂದು ತಿಳಿದು, ತಾಮ್ರದ ಚೊಂಬು ಬೆಳಗುವ ಹಾಗೆ ಹುಣಸೆಹಣ್ಣು ಹಾಕಿ ಬೆಳಗಿ. ಕೊನೆಯದಾಗಿ ಪೇಟೆಯ ವರ್ಕ್‌ಶಾಪಿನಲ್ಲಿ ನಾಲ್ಕು ತೂತು ಕೊರೆಸಿ ದುರ್ಬೀನು ಕೂರಿಸಿ. ತೂತು ಸ್ವಲ್ಪ ಓರೆಯಾಗಿರಲಿ.

ಇಷ್ಟು ದುಡಿಮೆಗೆ ಮೈ ಬಗ್ಗದವರಿಗೆ ಮಲೆನಾಡಿನ ಮಳೆಗಾಲವಿದೆ. ಜೂನ್ ಬಂದ ಕೂಡಲೇ ಕೋವಿಯನ್ನು ಅದರದೇ ಚರ್ಮದ ಚೀಲದೊಳಗಿಟ್ಟು ಅಟ್ಟಕ್ಕೆ ಹಾಕಿ. ಚರ್ಮ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಹದ ಮಾಡಿದ ಉಪ್ಪೂ ಅದರಲ್ಲಿರುತ್ತದೆ. ದಸರೆಯ ಆಯುಧಪೂಜೆಗೆ ಇಳಿಸುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಅದಕ್ಕೂ ಮುಂಚೆ ಅಜ್ಜನ ಕಾಲದ ತೋಟಾ ಒಂದೆರಡು ಹಾರಿಸಿದ್ದರೆ ಇನ್ನೂ ಒಳ್ಳೆಯದು. ಆ ಹಳೆಯ ಕೇಪುಗಳ ಮಸಿ ನಳಿಗೆಯೊಳಗೆ ಉಪ್ಪು ಬಿಡುತ್ತದೆ, ಉಪ್ಪು ನೀರಿಗೆ ಕರಗುತ್ತದೆಯೇ ಹೊರತು ಎಣ್ಣೆಗಲ್ಲ. ಆದ್ದರಿಂದ ಬಿಸಿನೀರು ಹುಯ್ಯದೆ, ಎಣ್ಣೆಬಟ್ಟೆ ಮಾತ್ರ ಎಳೆದು ಕರ್ತವ್ಯ ಮುಗಿಯಿತೆನ್ನಿ. ಚುನಾವಣೆ ಘೋಷಣೆಯಾಗಿ ಕೋವಿ ಠಾಣೆಗೆ ಒಪ್ಪಿಸಿ ಎಂದರೆ ಎಣ್ಣೆಯನ್ನೂ ಹಚ್ಚದೆ ಒಪ್ಪಿಸಿ. ಫಲಿತಾಂಶ ಬಂದ ಮರುದಿನ ತರಬೇಡಿ. ಗೆದ್ದವರು ಮಂತ್ರಿಗಳಾಗಿ ಖಾತೆ ಹಂಚಿಕೆಯಾಗುವ ತನಕ ಅಲ್ಲೇ ಇರಲಿ.

2019ರ ತಿದ್ದುಪಡಿ ಬಂದಾಗ ಮೂರು ಕೋವಿ ಇದ್ದವರಿಗೆ ಒಂದು ಅಪರೂಪದ ಅವಕಾಶ ಸಿಕ್ಕಿತ್ತು. ಒಂದು ವರ್ಷದೊಳಗೆ ಯಾವುದಾದರೂ ಎರಡನ್ನು ಉಳಿಸಿಕೊಂಡು ಮೂರನೆಯದನ್ನು ಠಾಣೆಗೋ ಡೀಲರಿಗೋ ಕೊಡಬೇಕು. ಆ ಪರೀಕ್ಷೆಯಲ್ಲಿ ಉತ್ತಮ ದರ್ಜೆಯಲ್ಲಿ ತೇರ್ಗಡೆಯಾದವರನ್ನು ನಾನು ಬಲ್ಲೆ. ಮಂಗ ಓಡಿಸುವ ಹೊಸ ಹನ್ನೆರಡು ಬೋರಿನ ಕೋವಿ, ಯಾವತ್ತೂ ಹಾರಿಸದ ರಿವಾಲ್ವರು, ಇವೆರಡನ್ನು ಇಟ್ಟುಕೊಂಡು ಅಜ್ಜನ ಮ್ಯಾನ್ಲಿಕರನ್ನು ಕೊಟ್ಟು ರಸೀದಿ ತಂದರು. ರಸೀದಿಗೆ ಚೌಕಟ್ಟು ಹಾಕಿಸುವ ಯೋಚನೆಯಿದೆಯಂತೆ.

ಅಮೆರಿಕದವರಿಂದಲೂ ಕಲಿಯುವುದಿದೆ. ಅಲ್ಲಿ ಕೋವಿಗೆ ಇಂಥ ಮಿತಿಯಿಲ್ಲ, ಆದರೂ ಹಿಂದೆ ಬಿದ್ದಿಲ್ಲ. ವಿಂಚೆಸ್ಟರ್ ಮಾಡೆಲ್ 70 ಎಂಬ ಬೇಟೆಯ ರೈಫಲ್ಲು 1936ರಿಂದ ಅಂಗಡಿಯಲ್ಲಿ ಸಿಗುತ್ತಿತ್ತು. 1964ರಲ್ಲಿ ಕಂಪನಿ ಖರ್ಚು ಉಳಿಸಲು ವಿನ್ಯಾಸ ಬದಲಿಸಿತು. ಆ ಕೂಡಲೇ, ಮೂರು ದಶಕ ಅದರ ಮುಂದೆಯೇ ಓಡಾಡಿದವರೆಲ್ಲ ಅರವತ್ನಾಲ್ಕರ ಹಿಂದಿನದೇ ಬೇಕೆಂದು ಹುಡುಕತೊಡಗಿದರು. ಇವತ್ತಿಗೂ ಹುಡುಕುತ್ತಿದ್ದಾರೆ. ಎರಡನೇ ಮಹಾಯುದ್ಧದ ಮಿಲಿಟರಿ ರೈಫಲ್ಲುಗಳು ಅಗ್ಗಕ್ಕೆ ಸಿಕ್ಕಾಗ ಮರ ಕೊಯ್ದು, ನಳಿಗೆ ಮೋಟು ಮಾಡಿ ಜಿಂಕೆ ಹೊಡೆಯುವ ಕೋವಿ ಮಾಡಿಕೊಂಡವರಿಗೂ ಲೆಕ್ಕವಿಲ್ಲ. ಕೊಯ್ಯದೆ ಉಳಿದದ್ದಕ್ಕೇ ಈಗ ಬೆಲೆ.

ಕೈತಪ್ಪಿದ ಮೇಲೆ ಕೋವಿಯ ಪಾಲನೆ ಮುಖ್ಯ. ಫೋಟೋ ಇದ್ದರೆ ಹರಿದುಹಾಕಿ, ಇಲ್ಲದಿದ್ದರೆ ಕೋವಿ ಬೆಳೆಯುವುದಿಲ್ಲ. ಮೊದಲ ವರ್ಷ ಅದನ್ನು “ಒಂದು ಹಳೇ ರೈಫಲ್ಲು” ಎನ್ನಿ. ಐದನೇ ವರ್ಷಕ್ಕೆ ಅದು ರಿಗ್ಬಿ ಆಗಲಿ. ಹತ್ತನೇ ವರ್ಷಕ್ಕೆ ಹಿಡಿಯ ಮೇಲೊಂದು ಬೆಳ್ಳಿಯ ತಗಡು ಕಾಣಿಸಿಕೊಂಡು ಅದರ ಮೇಲೆ ಯಾವುದೋ ದೊರೆಯ ಹೆಸರು ಮೂಡಲಿ. ಹಿರಿಯರು ಹೇಳಿದ ಬೆಲೆಯನ್ನು ಪ್ರತಿ ಸಲವೂ ಇಳಿಸುತ್ತ ಬನ್ನಿ, ಈಗಿನ ಬೆಲೆಯನ್ನು ಏರಿಸುತ್ತ ಬನ್ನಿ. ನಿಮ್ಮ ಐನೂರು ರೂಪಾಯಿಯ ಪ್ರಸ್ತಾಪ ಬೇಡ. ಬಿಟ್ಟದ್ದೇಕೆ ಎಂದು ಕೇಳಿದರೆ ಹೆಂಡತಿ ಬೇಡ ಅಂದಳು ಎನ್ನಿ. ಆಕೆ ಅಡುಗೆಮನೆಯಲ್ಲಿ ಇದ್ದಾಳೋ ಹಿತ್ತಿಲಿಗೆ ಹೋಗಿದ್ದಾಳೋ ಮೊದಲು ನೋಡಿಕೊಂಡು.

ಇಷ್ಟರಲ್ಲಿ ನಿಮಗೂ ವಯಸ್ಸಾಗಿರುತ್ತದೆ. 2016ರ ನಿಯಮಗಳಲ್ಲಿ ಒಂದು ಸೌಲಭ್ಯವಿದೆ. ಲೈಸೆನ್ಸುದಾರನಿಗೆ ಎಪ್ಪತ್ತು ತುಂಬಿದರೆ, ಅಥವಾ ಕೋವಿ ಅವನ ಬಳಿ ಇಪ್ಪತ್ತೈದು ವರ್ಷ ಇದ್ದರೆ, ಬದುಕಿರುವಾಗಲೇ ಅದನ್ನು ವಾರಸುದಾರನ ಹೆಸರಿಗೆ ವರ್ಗಾಯಿಸಲು ಅರ್ಜಿ ಹಾಕಬಹುದು. ಈ ಸಂಗತಿಯನ್ನು ಮಗನಿಗೆ ಹೇಳಬೇಡಿ. ಅವನೇ ಎಲ್ಲಿಂದಲೋ ತಿಳಿದುಕೊಂಡು ಫಾರಂ ಹಿಡಿದು ಬಂದರೆ ಕನ್ನಡಕ ಹುಡುಕಿ, ಫಾರಂ ಎರಡೂ ಕಡೆ ಓದಿ, ಮಡಚಿ ಪಂಚಾಂಗದೊಳಗೆ ಇಡಿ.

“ಯಾವಾಗ ಹೋಗೋಣ ಅಪ್ಪ, ಡಿಸಿ ಆಫೀಸಿಗೆ?”

“ಮಳೆ ಒಂಚೂರು ಹೊಳವಾಗ್ಲಿ ಕಣೋ.”