ಗೇಟು ಬಿದ್ದ ಮೇಲೆ ಮೈಗ್ರೇಷನ್

ಗುಂಡ್ಲುಪೇಟೆಯಲ್ಲಿ ತರಕಾರಿ ವ್ಯಾಪಾರ ಮಾಡುವ ನಮ್ಮ ಮಾವನ ಲೆಕ್ಕವೆಲ್ಲ ಈಗ ಕ್ಲೌಡಿನಲ್ಲಿದೆ. ಬೆಂಗಳೂರಿನಲ್ಲಿ ಕೂತು ಆ್ಯಪ್ ಬರೆದವನು ನಾನು. ಸಂಬಳ ಬೀನ್ಸು, ಟೊಮೆಟೊ ರೂಪದಲ್ಲಿ ಬರುತ್ತದೆ. ಅದರ ಡೇಟಾಬೇಸಿಗೆ ನಾನು ಯಾವಾಗ ಕೈಹಾಕಬೇಕೆಂದು ಗೊತ್ತುಮಾಡುವುದು ಬಂಡೀಪುರದ ಆನೆಗಳು. ಅವುಗಳ ಸಲುವಾಗಿ 2009ರಿಂದ ಕಾಡಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ಕೇರಳದ ಲಾರಿಗಳು ಮದ್ದೂರು ಚೆಕ್‌ಪೋಸ್ಟ್ ದಾಟುವ ತನಕ ಮಾವ ಬಿಲ್ಲು ಹಾಕುತ್ತಲೇ ಇರುತ್ತಾರೆ. ಗೇಟು ಬಿದ್ದ ಮೇಲೆ ರಸ್ತೆ ಆನೆಗಳಿಗೆ, ಡೇಟಾಬೇಸು ನನಗೆ.

ಈಚೆಗೆ ಮಾವ ತಗಾದೆ ತೆಗೆದರು. “ಹನೂರು ಕಡೆ ರೈತ್ರನ್ನ ಇನ್ನೂ ಕೊಳ್ಳೇಗಾಲ ತಾಲ್ಲೂಕು ಅಂತಾನೇ ತೋರುಸ್ತದಲ್ಲಪ್ಪ ನಿನ್ನ ಆ್ಯಪು! ಹೆಸ್ರು ಬದ್ಲಾಯ್ಸು, ಅಷ್ಟೇ ತಾನೆ?”

ಅಷ್ಟೇ ಅಲ್ಲ. ಹೊಸ ಕೋಡ್ ಏರುವಾಗ ಹಳೆಯದೂ ಸ್ವಲ್ಪ ಹೊತ್ತು ಓಡುತ್ತಿರುತ್ತದೆ. ತಾಲ್ಲೂಕಿನ ಕಾಲಮ್ಮನ್ನು ಏಕಾಏಕಿ ಬದಲಿಸಿದರೆ ಹಳೇ ಕೋಡ್ ಅದನ್ನು ಹುಡುಕಿ ಸಿಗದೆ ಮಗುಚಿಕೊಳ್ಳುತ್ತದೆ. ಹಾಗಾಗಿ ಮೊದಲು ಹೊಸ ಕಾಲಂ ಸೇರಿಸಬೇಕು. ಎರಡಕ್ಕೂ ಬರೆಯುವ ಕೋಡ್ ಏರಿಸಬೇಕು. ಹಳೇ ದಾಖಲೆ ತುಂಬಬೇಕು. ಹಳೆಯದನ್ನು ಕಿತ್ತುಹಾಕುವುದು ಎಲ್ಲಕ್ಕಿಂತ ಕೊನೆಗೆ. ಟೇಬಲ್ಲಿನ ರಚನೆ ಬದಲಿಸುವ ಈ ಮೈಗ್ರೇಷನ್ನನ್ನು ಒಂದೇ ಸಲ, ಪ್ರತ್ಯೇಕವಾಗಿ ಓಡಿಸಬೇಕು. ಸರ್ವರ್ ಶುರುವಾಗುವಾಗ ಓಡಲಿ ಎಂದು ಬಿಟ್ಟರೆ, ಎರಡು ಸರ್ವರುಗಳು ಒಟ್ಟಿಗೇ ಎದ್ದು ಒಂದೇ ಟೇಬಲ್ಲಿಗೆ ಕೈಯಿಕ್ಕುತ್ತವೆ. ಅರ್ಧಕ್ಕೆ ಕೆಟ್ಟರೆ ಪೋಸ್ಟ್‌ಗ್ರೆಸ್ ಡೇಟಾಬೇಸು ಸಾಮಾನ್ಯವಾಗಿ ಎಲ್ಲವನ್ನೂ ಮೊದಲಿದ್ದ ಹಾಗೇ ಮಾಡಿಕೊಡುತ್ತದೆ. ಮೈಎಸ್‌ಕ್ಯೂಎಲ್‌ಗೆ ಆ ದಯೆಯಿಲ್ಲ.

ಈ ಕೆಲಸದಲ್ಲಿ ಸರ್ಕಾರವೇ ನಮಗಿಂತ ಜಾಣ. ಕೊಳ್ಳೇಗಾಲ 1956ರಲ್ಲಿ ಕೊಯಮತ್ತೂರು ಜಿಲ್ಲೆಯಿಂದ ಮೈಸೂರಿಗೆ ಬಂತು, 1997ರಲ್ಲಿ ಚಾಮರಾಜನಗರಕ್ಕೆ ಸೇರಿತು, 2018ರಲ್ಲಿ ಹನೂರನ್ನು ಬೇರೆ ತಾಲ್ಲೂಕಾಗಿ ಬಿಟ್ಟುಕೊಟ್ಟಿತು. ಊರು ಕೂತಲ್ಲಿಂದ ಕದಲಲಿಲ್ಲ. ಅಜ್ಜನ ಕಾಲದ ಕ್ರಯಪತ್ರದಲ್ಲಿ ಕೊಯಮತ್ತೂರು ಎಂದಿದ್ದರೆ ಇರಲಿ, ಅದನ್ನು ಯಾರೂ ಅಳಿಸಹೋಗಲಿಲ್ಲ.

“ಹಂಗಾರೆ ಇವತ್ತೇ ಮಾಡು,” ಎಂದರು ಮಾವ. ಅಂದು ಶುಕ್ರವಾರ. ಆಗಲ್ಲ ಎಂದೆ. ಮಾವ ನಕ್ಕರು. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ಮಾತು ಕೇಳಿ ಬೆಳೆದವರು ಅವರು. ಸಿದ್ದರಾಮಯ್ಯ ಹಲವು ಸಲ ಬಂದುಹೋಗಿಯೂ 2018ರಲ್ಲಿ ಐದು ವರ್ಷ ಪೂರೈಸಿದ್ದನ್ನು ಕಂಡವರು. ನನ್ನದೂ ಅದೇ ಜಾತಿಯ ಭಯವೆಂದುಕೊಂಡರು. ಅಲ್ಲ. ಶನಿವಾರ ಬೆಳಿಗ್ಗೆ ಆ್ಯಪ್ ಮಲಗಿದರೆ ಬೆಂಗಳೂರಿನಲ್ಲಿ ಫೋನ್ ಎತ್ತುವವರು ಯಾರೂ ಇರುವುದಿಲ್ಲ, ನಾನೂ ಸೇರಿ.

ನೀವೂ ಈ ಕಸುಬಿನವರಾದರೆ, ಬ್ಯಾಕಪ್ ತೆಗೆದಿದ್ದೇನೆಂದು ನೆಮ್ಮದಿಯಾಗಿರಬೇಡಿ. ಅದನ್ನು ಖಾಲಿ ಡೇಟಾಬೇಸಿಗೆ ಒಮ್ಮೆ ತುಂಬಿ ನೋಡಿ. ಗುರುವಾರದೊಳಗೆ ನೋಡಿ.